ಲೆಕ್ಕ ಕೇಳಿದ ಶಿಕ್ಷಕಿಯರು

ಷಿಕಾಗೋದ ಪ್ರಾಥಮಿಕ ಶಾಲೆಗಳ ಶಿಕ್ಷಕಿಯರು 1897ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಹೋರಾಡಿ ಪಡೆದ ಸಂಬಳದ ಏರಿಕೆಯನ್ನು ಶಿಕ್ಷಣ ಮಂಡಳಿ ಎರಡು ವರ್ಷ ಕಳೆಯುವಷ್ಟರಲ್ಲಿ ಹಿಂತೆಗೆದುಕೊಂಡಿತು. ಕಾರಣ ಎಲ್ಲರಿಗೂ ಗೊತ್ತಿರುವುದೇ: ಬೊಕ್ಕಸ ಖಾಲಿ.

ಇಂಥ ಹೊತ್ತಿನಲ್ಲಿ ಸಂಘಗಳು ಸಾಮಾನ್ಯವಾಗಿ ಮನವಿಪತ್ರ ಹಿಡಿದು ಹೊರಡುತ್ತವೆ. ಈ ಸಂಘದ ಮಾರ್ಗರೆಟ್ ಹೇಲಿ ಮತ್ತು ಕ್ಯಾಥರೀನ್ ಗಾಗಿನ್ ತೆರಿಗೆ ಕಡತಗಳನ್ನು ಹಿಡಿದರು. ಹೇಲಿ ದನದ ಮಂಡಿಗಳ ಆಸುಪಾಸಿನ ಬಡ ಬಡಾವಣೆಯಲ್ಲಿ ವರ್ಷಗಟ್ಟಲೆ ಆರನೇ ತರಗತಿಗೆ ಪಾಠ ಹೇಳಿದವಳು. ಟ್ರಾಮ್, ಗ್ಯಾಸ್, ವಿದ್ಯುತ್, ಟೆಲಿಫೋನ್ ಕಂಪನಿಗಳು ನಗರದ ಬೀದಿಗಳನ್ನು ಬಳಸಿಕೊಳ್ಳಲು ಪಡೆದ ಪರವಾನಗಿಗಳಿಗೆ ದೊಡ್ಡ ಬೆಲೆಯಿತ್ತು. ಕಾನೂನಿನ ಪ್ರಕಾರ ಅದರ ಮೇಲೆ ತೆರಿಗೆ ಬೀಳಬೇಕು. ಬಿದ್ದಿರಲಿಲ್ಲ. ಇಬ್ಬರೂ ಪಾಠ ಬಿಟ್ಟು ಪೂರ್ತಿ ಇದಕ್ಕೇ ನಿಂತರು. 1901ರಲ್ಲಿ ಇಲಿನಾಯ್ ಸರ್ವೋಚ್ಚ ನ್ಯಾಯಾಲಯ ಶಿಕ್ಷಕಿಯರ ಪರವಾಗಿ ತೀರ್ಪು ಕೊಟ್ಟಿತು.

ಕಂಪನಿಗಳಿಂದ ದುಡ್ಡೇನೋ ಬಂತು. ಮಂಡಳಿ ಅದನ್ನು ಬೇರೆ ಬಾಬತ್ತುಗಳಿಗೆ ಹಾಕಿತು! ಮತ್ತೆ ಕೋರ್ಟು. 1904ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಡನ್ ಬಾಕಿ ಸಂಬಳ ಕೊಡಿಸಿದ. ಮರುವರ್ಷ ಅವನೇ ನಗರದ ಮೇಯರ್ ಆದ. ಅಂದು ಶಿಕ್ಷಕಿಯರಿಗೆ ಓಟಿನ ಹಕ್ಕಿರಲಿಲ್ಲ. ಓಟಿದ್ದ ಗಂಡಸರ ಬಲ ಬೇಕೆಂದೇ ಅವರು 1902ರಲ್ಲಿ ಕಾರ್ಮಿಕ ಒಕ್ಕೂಟ ಸೇರಿದ್ದರು. ಮರ್ಯಾದಸ್ಥ ಮೇಡಂಗಳು ಕೂಲಿಯವರ ಜೊತೆ ಕೂರುವುದೇ ಎಂದು ಮೂಗು ಮುರಿದವರು ಕಡಿಮೆಯಿರಲಿಲ್ಲ.

ಸೇಡು ತಡವಾಗಿ ಬಂತು. ಮಂಡಳಿ 1915ರಲ್ಲಿ ಈ ಸಂಘದ ಸದಸ್ಯತ್ವವನ್ನೇ ನಿಷೇಧಿಸಿತು. ಮರುವರ್ಷ 68 ಶಿಕ್ಷಕರ ಮರುನೇಮಕ ತಡೆಯಿತು. ಅವರಲ್ಲಿ 38 ಮಂದಿ ಸಂಘದವರು. 1917ರಲ್ಲಿ ಸಂಘ ಕಾರ್ಮಿಕ ಒಕ್ಕೂಟದಿಂದ ಹೊರಬರಬೇಕಾಯಿತು.

ಇಲ್ಲಿಯವರೆಗಿನದು ಹೆಮ್ಮೆಯ ಕಥೆ. ಸಂಘಗಳು ವಾರ್ಷಿಕೋತ್ಸವದಲ್ಲಿ ಹೇಳಿಕೊಳ್ಳುವುದೂ ಇದನ್ನೇ. ಸಮಾನತೆಯ ಇನ್ನೊಂದು ಲೆಕ್ಕ ಸಂಘದ ಒಳಗಿನದು. ಹೊರಗಿನವರನ್ನು ಕೋರ್ಟಿಗೆಳೆದಷ್ಟು ಚುರುಕಾಗಿ ಅದನ್ನು ಯಾರೂ ಬಿಚ್ಚಲಿಲ್ಲ. 1937ರಲ್ಲಿ ಹಲವು ಸಂಘಗಳು ಕೂಡಿ ಷಿಕಾಗೋ ಟೀಚರ್ಸ್ ಯೂನಿಯನ್ ಆಯಿತು. 1960ರ ದಶಕದಲ್ಲಿ ಅಲ್ಲಿನ ಕಪ್ಪು ಶಿಕ್ಷಕರಲ್ಲಿ ಬಹಳ ಮಂದಿ ವರ್ಷಾನುಗಟ್ಟಲೆ ಬದಲಿ ಶಿಕ್ಷಕರಾಗಿಯೇ ದುಡಿದರು. ಅದೇ ತರಗತಿ, ಅದೇ ಕೆಲಸ, ಖಾಯಮಾತಿ ಮಾತ್ರ ಇಲ್ಲ. ಲಿಖಿತ ಪರೀಕ್ಷೆ ಪಾಸಾದವರನ್ನೂ ಮೌಖಿಕ ಪರೀಕ್ಷೆಯಲ್ಲಿ ಕೈಬಿಡಲಾಗುತ್ತಿತ್ತು. ಬೇಸತ್ತ ಅವರು 1968ರಲ್ಲಿ ಯೂನಿಯನ್ನಿನ ಒಪ್ಪಿಗೆಗೆ ಕಾಯದೆ ಮುಷ್ಕರ ಹೂಡಿದರು. ಇದನ್ನು ಒಡಕು ಎಂದು ಬೈಯುವುದು ಸುಲಭ. ಒಗ್ಗಟ್ಟಿನ ಹೆಸರಿನಲ್ಲಿ ಇವರಿಗೆ ಅಲ್ಲಿಯವರೆಗೆ ಸಿಕ್ಕಿದ್ದಾದರೂ ಏನು?

1984ರಲ್ಲಿ ಜಾಕ್ವೆಲಿನ್ ವಾನ್ ಯೂನಿಯನ್ನಿನ ಅಧ್ಯಕ್ಷೆಯಾದರು, ಆ ಕುರ್ಚಿಯೇರಿದ ಮೊದಲ ಕಪ್ಪು ಮಹಿಳೆ. 2010ರಲ್ಲಿ ರಸಾಯನಶಾಸ್ತ್ರದ ಶಿಕ್ಷಕಿ ಕ್ಯಾರನ್ ಲೂಯಿಸ್ ಅದೇ ಸ್ಥಾನಕ್ಕೆ ಗೆದ್ದರು. ಮುಷ್ಕರಕ್ಕೆ ಒಟ್ಟು ಸದಸ್ಯರಲ್ಲಿ ಶೇ. 75ರಷ್ಟು ಮಂದಿಯ ಒಪ್ಪಿಗೆ ಬೇಕೆಂದು 2011ರಲ್ಲಿ ಕಾನೂನು ಬಂದಿತ್ತು. ಅಷ್ಟು ಜನರನ್ನು ಕೂಡಿಸಲು ಇವರಿಂದಾಗದು ಎಂಬುದು ಅದರ ಹಿಂದಿನ ಎಣಿಕೆ. ಸುಮಾರು ಶೇ. 90 ಮಂದಿ ಒಪ್ಪಿದರು. 2012ರ ಸೆಪ್ಟೆಂಬರಿನಲ್ಲಿ ಶಾಲೆಗಳು ಏಳು ದಿನ ನಡೆಯಲಿಲ್ಲ.

ಆದರೂ ಮರುವರ್ಷ ನಗರ ಸುಮಾರು 50 ಶಾಲೆಗಳನ್ನು ಮುಚ್ಚಿತು. ಅಲ್ಲಿ ಓದುತ್ತಿದ್ದವರಲ್ಲಿ ಬಹುಪಾಲು ಕಪ್ಪು ಮಕ್ಕಳು. 2019ರಲ್ಲಿ ಮತ್ತೆ 11 ದಿನ ಮುಷ್ಕರ ನಡೆಯಿತು. ಪ್ರತಿ ಶಾಲೆಗೂ ಒಬ್ಬ ನರ್ಸ್, ಒಬ್ಬ ಸಮಾಜ ಕಾರ್ಯಕರ್ತ ಇರಬೇಕೆಂಬುದು ಆಗ ಒಪ್ಪಂದದೊಳಗೆ ಬಂತು, ಐದು ವರ್ಷಗಳ ಗಡುವಿನೊಂದಿಗೆ.