ಕ್ರಾಕೋವ್ ನಗರದಲ್ಲಿ ಹಾಲಿಲ್ಲದ ಊಟ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ದೂರದೇಶವನ್ನು ನೋಡಿ ಬಂದವರು ಅಲ್ಲಿಯ ಅರಮನೆ, ಗುಡಿ, ಸೇತುವೆಗಳನ್ನು ವರ್ಣಿಸುವುದು ವಾಡಿಕೆ. ನಾವು ದಂಪತಿಗಳು 2023ರ ಡಿಸೆಂಬರ್ ತಿಂಗಳನ್ನು ಪೋಲೆಂಡ್ ದೇಶದ ಕ್ರಾಕೋವ್ ನಗರದಲ್ಲಿ ಕಳೆದೆವು. ಅಲ್ಲಿ ವಿಸ್ತುಲಾ ನದಿಯ ದಂಡೆಯ ಮೇಲೆ ವಾವೆಲ್ ಗುಡ್ಡವಿದೆ, ಗುಡ್ಡದ ಮೇಲೆ ಅರಸರ ಅರಮನೆಯಿದೆ. 1364ರಲ್ಲಿ ಸ್ಥಾಪನೆಯಾಗಿ ಇಂದಿಗೂ ನಡೆಯುತ್ತಿರುವ ವಿಶ್ವವಿದ್ಯಾಲಯವಿದೆ. ಇವೆಲ್ಲ ಪುಸ್ತಕಗಳಲ್ಲಿ ದೊರೆಯುವ ಸಂಗತಿಗಳು. ಇಂದು ನಾವು ನಿವೇದಿಸಬೇಕೆಂದಿರುವುದು ಪುಸ್ತಕಗಳಲ್ಲಿ ಅಷ್ಟಾಗಿ ಸಿಗದ, ಆದರೆ ಪ್ರವಾಸಿಗೆ ದಿನಕ್ಕೆರಡು ಸಲ ಎದುರಾಗುವ ಹೊಟ್ಟೆಯ ವಿಷಯವನ್ನು.

ನಮ್ಮ ಮಗಳು ಅಲ್ಲಿ ಓದುತ್ತಿದ್ದಾಳೆ. ಹೋದ ಎರಡನೆಯ ವರ್ಷವೇ ಅವಳು ಹಾಲು, ಮೊಸರು, ತುಪ್ಪಗಳನ್ನು ತ್ಯಜಿಸಿದಳು. ಮಾಂಸ, ಮೀನು, ಮೊಟ್ಟೆಗಳನ್ನಷ್ಟೇ ಅಲ್ಲದೆ ಹಾಲನ್ನೂ ಜೇನನ್ನೂ ಬಿಡುವ ಈ ನೇಮಕ್ಕೆ 'ವೀಗನ್' ಎಂದು ಹೆಸರು. ಈ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಹಾಲು ಕರುವಿನ ಪಾಲೆಂಬುದು ಈ ನೇಮದವರ ಮಾತು. ನಾವು ಹುಟ್ಟು ಶಾಕಾಹಾರಿಗಳು. ಅಷ್ಟೇ ಸಾಲದೇನು ಎಂದು ದೂರವಾಣಿಯಲ್ಲಿ ವಾದಿಸಿದೆವು. ಅವಳ ತಾಯಿಯಾದರೋ ವಾದಿಸಲಿಲ್ಲ. 'ನನ್ನ ಕೈಯ ಮಜ್ಜಿಗೆಯೂ ಬೇಡವಾಯಿತೇ' ಎಂದು ಒಂದೇ ಮಾತು ಆಡಿ ಸುಮ್ಮನಾದರು. ಆ ಮೌನವನ್ನು ಹೊತ್ತುಕೊಂಡೇ ನಾವು ವಿಮಾನ ಹತ್ತಿದೆವೆಂದರೆ ತಪ್ಪಾಗಲಾರದು.

ಹೊರಡುವ ಮುನ್ನವೇ ಒಂದು ಪಾಠವಾಯಿತು. ಮನೆಯಲ್ಲಿ ತುಪ್ಪದ ಡಬ್ಬಿಯನ್ನೂ ಪೇಡೆಯ ಪೊಟ್ಟಣವನ್ನೂ ಕಟ್ಟಿಟ್ಟಿದ್ದರು. ಯುರೋಪಿನ ಒಕ್ಕೂಟದ ಹೊರಗಿನಿಂದ ಬರುವ ಪ್ರವಾಸಿಗರು ಹಾಲಿನಿಂದ ಮಾಡಿದ ಪದಾರ್ಥಗಳನ್ನೂ ಮಾಂಸವನ್ನೂ ತಮ್ಮ ಗಂಟಿನಲ್ಲಿ ಒಯ್ಯಕೂಡದೆಂದು ಅಲ್ಲಿಯ ಕಾಯಿದೆ. ಪಶುರೋಗ ಹಬ್ಬೀತೆಂಬ ಭಯವೇ ಇದಕ್ಕೆ ಕಾರಣ. ತುಪ್ಪ, ಪೇಡೆಗಳು ಮನೆಯಲ್ಲೇ ಉಳಿದವು. ಉಳಿದ ಗಂಟಿನಲ್ಲಿದ್ದುದು ನಮ್ಮ ಸೊಲ್ಲಾಪುರ ಸೀಮೆಯ ಜೋಳದ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಮಗಳು ಬೇಡಿದ್ದೂ ಇವೆರಡನ್ನೇ. ತಲೆತಲಾಂತರದಿಂದ ಹೊಲದ ಬುತ್ತಿಯಾಗಿರುವ ಈ ಊಟದಲ್ಲಿ ಹಾಲಿನ ಹನಿಯಿಲ್ಲವೆಂಬುದು ಅಂದಿನವರೆಗೆ ನಮಗೆ ಹೊಳೆದೇ ಇರಲಿಲ್ಲ.

ಆದರೆ ಬುತ್ತಿ ಎಷ್ಟು ದಿನ ಬಾಳೀತು? ಮೂರನೆಯ ದಿನವೇ ಊಟದ ಮನೆ ಹುಡುಕಬೇಕಾಯಿತು. ಕ್ರಾಕೋವಿನಲ್ಲಿ ಇಂದು ವೀಗನ್ ಭೋಜನಗೃಹಗಳಿಗೆ ಕೊರತೆಯಿಲ್ಲ. ಆ ದೇಶದವರಿಗೆ ಪ್ರಿಯವಾದ ಹಂದಿಮಾಂಸದ ಕರಿದ ತುಂಡನ್ನೇ ಹೋಲುವಂತೆ ಸೋಯಾದಿಂದಲೋ ಅಣಬೆಯಿಂದಲೋ ಮಾಡಿ ಬಡಿಸುತ್ತಾರೆ. ಅಂಥ ಕಡೆ ನಿಶ್ಚಿಂತೆಯಿಂದ ಉಣ್ಣಬಹುದು. ಕಷ್ಟವಿರುವುದು ಉಳಿದೆಡೆಗಳಲ್ಲಿ, ಅಂದರೆ ಊರವರೆಲ್ಲ ಉಣ್ಣುವ ಸಾಮಾನ್ಯ ಊಟದ ಮನೆಗಳಲ್ಲಿ.

ಅಂಥ ಒಂದೆಡೆ ನಾವು ಪಿಯೆರೋಗಿ ಎಂಬ ತಿಂಡಿಯನ್ನು ಕೇಳಿದೆವು. ನಮ್ಮ ಕರಿಗಡುಬನ್ನು ಕರಿಯದೆ ನೀರಿನಲ್ಲಿ ಬೇಯಿಸಿದರೆ ಹೇಗಿದ್ದೀತೋ ಹಾಗಿರುತ್ತದೆ. ಹೂರಣದಲ್ಲಿ ಹಲವು ಬಗೆ. ಆಲೂಗಡ್ಡೆ ಮತ್ತು ಒಡೆದ ಹಾಲಿನ ಗಿಣ್ಣು ಸೇರಿದ್ದು ಒಂದು, ಹುಳಿ ಬಂದ ಎಲೆಕೋಸು ಮತ್ತು ಅಣಬೆಯದು ಇನ್ನೊಂದು, ಮಾಂಸದ್ದು ಮತ್ತೊಂದು. ಎಲೆಕೋಸಿನದನ್ನೇ ಆರಿಸಿ, 'ಮಾಂಸವಿಲ್ಲವಷ್ಟೇ?' ಎಂದು ಇಂಗ್ಲಿಷಿನಲ್ಲಿ ಕೇಳಿದೆವು. ಬಡಿಸುವ ತಾಯಿ ಇಲ್ಲವೆಂದರು. ತಟ್ಟೆ ಬಂದಾಗ ಕಡುಬುಗಳ ಮೇಲೆ ಹಂದಿಯ ಕೊಬ್ಬಿನ ಹುರಿದ ಚೂರುಗಳು ಚೆಲ್ಲಿದ್ದವು. ಹೊರಗೆ ಹಿಮ ಬೀಳುತ್ತಿತ್ತು, ಹಸಿವು ಬಲವಾಗಿತ್ತು. ಮೂವರೂ ಹಾಗೆಯೇ ಎದ್ದು ಬಂದೆವು. ನಮಗೆ ಮೋಸವಾಯಿತೆಂದು ಮೊದಲು ಸಿಟ್ಟು ಬಂದಿತು. ಮಗಳು ಹೇಳಿದಳು: 'ಅಪ್ಪಾ, ಅವರು ಸುಳ್ಳು ಹೇಳಲಿಲ್ಲ. ಹೂರಣದಲ್ಲಿ ಮಾಂಸವಿರಲಿಲ್ಲ. ಮೇಲಿನದು ಅವರ ಲೆಕ್ಕದಲ್ಲಿ ಒಗ್ಗರಣೆ.' ಒಗ್ಗರಣೆಗೆ ಏನು ಹಾಕಿದಿರಿ ಎಂದು ನಮ್ಮಲ್ಲಿಯೂ ಯಾರು ಕೇಳುತ್ತಾರೆ, ಯಾರು ಹೇಳುತ್ತಾರೆ!

ಅಂದು ನಮ್ಮ ಹಸಿವನ್ನು ತಣಿಸಿದ್ದು ಬೀದಿಯ ತಳ್ಳುಗಾಡಿಯ ಒಬ್ವಜಾನೆಕ್. ಎರಡು ಎಳೆ ಹಿಟ್ಟನ್ನು ಹೆಣೆದು ಬಳೆಯಂತೆ ಕೂಡಿಸಿ, ಕುದಿನೀರಿನಲ್ಲಿ ಅದ್ದಿ ತೆಗೆದು, ಆಮೇಲೆ ಬೇಯಿಸಿ, ಗಸಗಸೆ, ಎಳ್ಳು ಅಥವಾ ಉಪ್ಪನ್ನು ಉದುರಿಸಿದ ರೊಟ್ಟಿ ಇದು. 1394ರಲ್ಲಿ ರಾಣಿ ಯಾದ್ವಿಗಾಳ ಮನೆವಾರ್ತೆಯ ಲೆಕ್ಕದಲ್ಲಿ ಇದರ ಹೆಸರು ಬಂದಿದೆ. 2010ರಿಂದ ಇದಕ್ಕೆ ಯುರೋಪಿನ ಒಕ್ಕೂಟದ ಭೌಗೋಳಿಕ ರಕ್ಷಣೆಯೂ ದೊರೆತಿದೆ. ಆದರೆ ಈ ಹಿಟ್ಟಿಗೂ ಸ್ವಲ್ಪ ಜಿಡ್ಡು ಸೇರುತ್ತದೆ. ಅದು ಎಣ್ಣೆಯೋ ಪ್ರಾಣಿಯ ಕೊಬ್ಬೋ ಎಂದು ಮಗಳು ಮಾರುವಾತನನ್ನು ಪೋಲಿಷ್ ಭಾಷೆಯಲ್ಲಿ ಕೇಳಿ, ಎಣ್ಣೆಯೆಂದು ತಿಳಿದ ಮೇಲೆಯೇ ಕೊಂಡಳು. ಅವಳ ಭಾಷೆ ತೊದಲುತ್ತಿತ್ತು. ಆದರೂ ತನ್ನ ಮಾತಿನಲ್ಲೇ ಕೇಳಿದರೆಂದು ಆತನ ಮುಖ ಅರಳಿದ್ದನ್ನು ನಾವು ಕಂಡೆವು.

ಅಂದಿನ ರಾತ್ರಿಯೇ ನಾವಿಬ್ಬರೂ ಮಗಳ ಮುಂದೆ ಪಾಠಕ್ಕೆ ಕುಳಿತೆವು. 'ಬೆಜ್' ಎಂದರೆ ಇಲ್ಲದೆ. ಬೆಜ್ ಮ್ಯೆಂಸಾ, ಮಾಂಸವಿಲ್ಲದೆ. ಬೆಜ್ ಮ್ಲೆಕಾ, ಹಾಲಿಲ್ಲದೆ. ಬೆಜ್ ಯಾಯೆಕ್, ಮೊಟ್ಟೆಯಿಲ್ಲದೆ. ಬೆಜ್ ಮಾಸ್ವಾ, ಬೆಣ್ಣೆಯಿಲ್ಲದೆ. ಬೆಜ್ ಶ್ಮ್ಯೆತಾನಿ, ಹುಳಿಗೆನೆಯಿಲ್ಲದೆ. ಹಂದಿಯ ಕೊಬ್ಬಿಗೆ ಸ್ಮಾಲೆತ್ಸ್ ಎಂಬ ಹೆಸರು. ಇವುಗಳಲ್ಲಿ ಮೊದಲನೆಯದೊಂದನ್ನೇ ನಂಬಿದವನು ಕೆಟ್ಟ. ಏಕೆಂದರೆ ಅಲ್ಲಿಯ ಹಳೆಯ ರೂಢಿಯಲ್ಲಿ ಮೀನು ಮಾಂಸವಲ್ಲ. ಸಾರಿನಲ್ಲಿ ಮಾಂಸದ ತುಂಡು ಕಾಣದಿದ್ದರೂ ಅದು ಎಲುಬು ಕುದಿಸಿದ ನೀರಿನದಿರಬಹುದು.

ಅಂಗಡಿಯ ಪೊಟ್ಟಣಗಳ ವಿಷಯದಲ್ಲಿ ಕಾಯಿದೆಯ ನೆರವಿದೆ. 2014ರ ಡಿಸೆಂಬರಿನಿಂದ ಯುರೋಪಿನ ಒಕ್ಕೂಟದಲ್ಲೆಲ್ಲ, ಕೆಲವರ ಮೈಗೆ ಒಗ್ಗದ ಹದಿನಾಲ್ಕು ಬಗೆಯ ಪದಾರ್ಥಗಳನ್ನು ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಅಚ್ಚು ಹಾಕಬೇಕು. ಹಾಲು, ಮೊಟ್ಟೆ, ಮೀನು ಆ ಪಟ್ಟಿಯಲ್ಲಿವೆ. ಹಂದಿಯ ಕೊಬ್ಬು ಅದರಲ್ಲಿಲ್ಲ. ಎಲುಬು ತೊಗಲುಗಳಿಂದ ತೆಗೆಯುವ ಜೆಲಟಿನ್ನೂ ಇಲ್ಲ. ಆದ್ದರಿಂದ ದಪ್ಪಕ್ಷರವನ್ನು ನೋಡಿ ಸುಮ್ಮನಾಗದೆ ಸಣ್ಣಕ್ಷರವನ್ನೂ ಓದಬೇಕು.

ಆ ನಾಡಿನ 'ಹಾಲಿನ ಬಾರು'ಗಳ ವಿಷಯವನ್ನು ಹೇಳದಿದ್ದರೆ ಈ ಮಾತು ಅಪೂರ್ಣವಾದೀತು. ಬಾರ್ ಎಂದೊಡನೆ ಹುಬ್ಬೇರಿಸಬೇಡಿರಿ, ಅಲ್ಲಿ ಮದ್ಯವಿಲ್ಲ. 1896ರಲ್ಲಿ ಸ್ತಾನಿಸ್ಲಾವ್ ದ್ವುಜೆವ್‌ಸ್ಕಿ ಎಂಬ ಜಮೀನುದಾರರು ವಾರ್ಸಾ ನಗರದ ನೋವಿ ಶ್ವ್ಯಾತ್ ಬೀದಿಯಲ್ಲಿ ಇಂಥ ಮೊದಲನೆಯ ಊಟದ ಮನೆಯನ್ನು ತೆರೆದರು. ಹಾಲು, ಹಿಟ್ಟು, ಮೊಟ್ಟೆ, ಕಾಯಿಪಲ್ಯಗಳ ಅಗ್ಗದ ಊಟ ಅಲ್ಲಿಯ ಕಟ್ಟಳೆ. ಸಮತಾವಾದಿ ಸರಕಾರದ ಕಾಲದಲ್ಲಿ ಇವು ದೇಶದಲ್ಲೆಲ್ಲ ಹಬ್ಬಿದವು. ಆ ಸರಕಾರ 1989ರಲ್ಲಿ ಹೋದ ಮೇಲೆ ಬಹಳಷ್ಟು ಮುಚ್ಚಿದವು. ಉಳಿದವುಗಳ ಮಾಂಸವಿಲ್ಲದ ಅಡಿಗೆಗಳಿಗೆ ಸರಕಾರದ ಸಹಾಯಧನ ಇಂದಿಗೂ ಸಲ್ಲುತ್ತದೆ. ಮುದುಕರು, ವಿದ್ಯಾರ್ಥಿಗಳು, ಕೂಲಿಕಾರರು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುವರು. ನಾವೂ ನಿಂತೆವು. ಹಾಲಿನ ಹೆಸರಿನ ಮನೆಯಲ್ಲಿ ಹಾಲಿಲ್ಲದ ಊಟ ಕೇಳುವುದು ವಿನೋದವೇ ಸರಿ. ಆದರೂ ನಮ್ಮ ಐದಾರು ಮಾತುಗಳ ಬಲದಿಂದ ಬೇಯಿಸಿದ ಹುರುಳಿಗೋಧಿ ನುಚ್ಚು, ಹುಳಿ ಬಂದ ಎಲೆಕೋಸಿನ ಪಲ್ಯ, ಬೀಟರೂಟು, ಉಪ್ಪುನೀರಿನಲ್ಲಿ ಹುಳಿಸಿದ ಸವತೆಕಾಯಿ ದೊರೆತವು. ನುಚ್ಚನ್ನು ಉಣ್ಣುತ್ತ ನಮ್ಮ ಮನೆಯವರು, 'ಇದು ನಮ್ಮ ಜೋಳದ ನುಚ್ಚಿನ ದಾಯಾದಿ' ಎಂದರು. ಊರು ಬಿಟ್ಟ ಮೇಲೆ ಅವರು ನಕ್ಕದ್ದು ಅಂದೇ ಮೊದಲು.

ಡಿಸೆಂಬರ್ 24ರಂದು ಮಗಳ ಮನೆಯೊಡತಿ ನಮ್ಮನ್ನು ಊಟಕ್ಕೆ ಕರೆದರು. ಕ್ರಿಸ್ತಜಯಂತಿಯ ಹಿಂದಿನ ಈ ಸಂಜೆಗೆ ವಿಗಿಲಿಯಾ ಎಂದು ಹೆಸರು. ಅಲ್ಲಿ ಆ ದಿನಗಳಲ್ಲಿ ನಾಲ್ಕು ಗಂಟೆಗೆ ಮುನ್ನವೇ ಸೂರ್ಯ ಮುಳುಗುತ್ತಾನೆ; ಮೊದಲ ನಕ್ಷತ್ರ ಕಂಡ ಮೇಲೆ ಊಟ. ಮೇಜಿನ ಹಾಸಿನ ಕೆಳಗೆ ಒಣಹುಲ್ಲನ್ನು ಹರಡುತ್ತಾರೆ. ಹೇಳದೆ ಬರುವ ಅತಿಥಿಗೆಂದು ಒಂದು ತಟ್ಟೆಯನ್ನು ಹೆಚ್ಚಾಗಿ ಇಡುತ್ತಾರೆ. ಹನ್ನೆರಡು ಬಗೆಯ ಅಡಿಗೆ, ಒಂದರಲ್ಲಿಯೂ ಮಾಂಸವಿಲ್ಲ. ಅದು ಅವರ ಉಪವಾಸದ ಊಟ. ಮೀನು ಇತ್ತು, ಅದನ್ನು ನಮ್ಮಿಂದ ದೂರ ಸರಿಸಿಟ್ಟಿದ್ದರು. ಉಳಿದಂತೆ ಬೀಟರೂಟಿನ ಕೆಂಪು ಸಾರು, ಬಟಾಣಿ ಬೆರೆಸಿದ ಎಲೆಕೋಸು, ಅಣಬೆಯ ಕಡುಬು, ಒಣಹಣ್ಣುಗಳ ಪಾನಕ.

ನಮ್ಮ ಮಗಳು ಬೆಣ್ಣೆ ತಿನ್ನಳೆಂದು ಆ ತಾಯಿ ಅಗಸೆ ಎಣ್ಣೆಯನ್ನು ಬಳಸಿದ್ದರು. ಅದಕ್ಕಾಗಿ ನಾವು ಕೃತಜ್ಞತೆ ಹೇಳಿದಾಗ ಅವರೆಂದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. 'ಇದೇನು ಹೊಸದಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ಉಪವಾಸದ ದಿನ ಬೆಣ್ಣೆ, ಹಾಲು, ಮೊಟ್ಟೆ ಯಾವುದೂ ಇರುತ್ತಿರಲಿಲ್ಲ, ಅಗಸೆ ಎಣ್ಣೆಯೇ. ನಿಮ್ಮ ಮಗಳು ನಮ್ಮ ಅಜ್ಜಿಯ ಅಡಿಗೆಯನ್ನು ನನಗೆ ನೆನಪಿಸಿದಳು.' ಹಿಂದಿನ ಪೋಲೆಂಡಿನಲ್ಲಿ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತವನ್ನು ಹೀಗೆಯೇ ಕಟ್ಟುನಿಟ್ಟಾಗಿ ಆಚರಿಸುತ್ತಿದ್ದರು. ಹೊಸಗಾಲದ ಹುಚ್ಚೆಂದು ನಾವು ಬಗೆದದ್ದು ಆ ನಾಡಿನ ಹಳೆಯ ಅಡಿಗೆಮನೆಯಲ್ಲಿ ನೂರಾರು ವರ್ಷಗಳಿಂದ ಕುಳಿತಿತ್ತು.

ಅಂದು ರಾತ್ರಿ ಮನೆಗೆ ನಡೆದು ಬರುವಾಗ ಹಾಲಿನ ಮಾತನ್ನು ನಾವೇ ತೆಗೆದೆವು. ಹಿಂದೆ ದೂರವಾಣಿಯಲ್ಲಿ ಮಗಳು ಒಂದು ಪ್ರಶ್ನೆ ಕೇಳಿದ್ದಳು: 'ನಮ್ಮ ಹಟ್ಟಿಯ ಎಮ್ಮೆ ಈದ ಗಂಡುಕರುಗಳು ಎಷ್ಟು ದಿನ ಬದುಕುತ್ತಿದ್ದವು, ಅಪ್ಪಾ?' ಆಗ ಸಿಟ್ಟಿನಿಂದ ಮಾತು ತಿರುಗಿಸಿದ್ದೆವು. ಉತ್ತರ ನಮಗೆ ತಿಳಿಯದ್ದಲ್ಲ. ಬೇಸಾಯಕ್ಕೆ ಬಾರದ ಆ ಕರುಗಳಿಗೆ ಹಾಲು ಬಿಡುತ್ತಿದ್ದುದು ಎಷ್ಟೆಂಬುದನ್ನು, ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನಾವು ಕಣ್ಣಾರೆ ಕಂಡವರೇ. ಅಂದು ಅದನ್ನು ಒಪ್ಪಿಕೊಂಡೆವು. ನಾವೇನೂ ಮಜ್ಜಿಗೆ ಬಿಟ್ಟಿಲ್ಲ. ಈ ವಯಸ್ಸಿನಲ್ಲಿ ಬಿಡುವೆವೆಂದು ಹೇಳಿದರೆ ನಮ್ಮ ಮನೆಯವರೇ ನಂಬಲಿಕ್ಕಿಲ್ಲ. ಆದರೆ ಅವಳು ಬಿಟ್ಟದ್ದು ತಾಯಿಯ ಕೈಯ ಊಟವನ್ನಲ್ಲವೆಂಬುದು ಇಬ್ಬರಿಗೂ ತಿಳಿಯಿತು. ಮರುದಿನ ಬೆಳಿಗ್ಗೆ ತಾಯಿಯೇ ಉಳಿದ ಕಡಕ್ ರೊಟ್ಟಿಗಳನ್ನು ಮುರಿದು, ಶೇಂಗಾ ಚಟ್ನಿಗೆ ಎಣ್ಣೆ ಕಲಸಿ, ಮಗಳ ಮುಂದಿಟ್ಟರು. ಒಂದು ಪಾಲನ್ನು ಮನೆಯೊಡತಿಗೂ ಕಳಿಸಿದರು.

ವಿದ್ಯಾರ್ಥಿಗಳೇ, ಇದನ್ನೆಲ್ಲ ನಿಮ್ಮ ಮುಂದೆ ಹೇಳಿದ್ದಕ್ಕೆ ಒಂದು ಕಾರಣವಿದೆ. ಪರಭಾಷೆಯ ನಡುವೆ ಸ್ವಂತದ್ದನ್ನು ಉಳಿಸಿಕೊಂಡು ಬಾಳುವುದು ಗಡಿನಾಡಿನ ನಮಗೆ ಹೊಸದಲ್ಲ. ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಎರಡೂ ನಮ್ಮವೇ. ನಮ್ಮ ಪಕ್ಕದ ಕೊಲ್ಲಾಪುರದ ಬಳಿ ವಳಿವಡೆ ಎಂಬಲ್ಲಿ, 1943ರಿಂದ 1948ರವರೆಗೆ, ಯುದ್ಧದಿಂದ ಮನೆಮಾರು ಕಳೆದುಕೊಂಡ ಸುಮಾರು 5000 ಪೋಲೆಂಡಿನವರು ಆಶ್ರಯ ಪಡೆದಿದ್ದರು. ನಮ್ಮ ಸೀಮೆಯ ಕಾಳುಕಡಿಗಳ ನಡುವೆ ಅವರೂ ತಮ್ಮ ರುಚಿಯನ್ನು ಹುಡುಕಿಕೊಂಡಿರಬೇಕು. ಎಂಬತ್ತು ವರ್ಷಗಳ ಮೇಲೆ ಅವರ ನಾಡಿನಲ್ಲಿ ಹುಡುಕುವ ಸರದಿ ನಮ್ಮದಾಯಿತು.

ಮುಂದೆ ನಿಮ್ಮಲ್ಲಿ ಹಲವರು ದೂರ ಹೋಗುವಿರಿ. ಹೋದಲ್ಲಿ ನಿಮ್ಮ ನೇಮವನ್ನು ಬಿಡಬೇಕಾಗಿಲ್ಲ. ಅದನ್ನು ಆ ಊರಿನ ಮಾತಿನಲ್ಲಿ ವಿನಯದಿಂದ ಹೇಳಲು ಕಲಿತರೆ ಸಾಕು. ಆ ಊರಿನ ಹಬ್ಬದೂಟವಷ್ಟನ್ನೇ ಅಲ್ಲ, ಉಪವಾಸದ ಊಟವನ್ನೂ ಬಡವರ ಊಟವನ್ನೂ ವಿಚಾರಿಸಿರಿ. ನಿಮ್ಮ ತಟ್ಟೆಗೆ ಬೇಕಾದದ್ದು ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.