ಕತ್ತಲೆಯಲ್ಲಿ ಕಿವಿಯ ಅಳತೆಗೋಲು

ಕಣ್ಣು ಹೋದವರಿಗೆ ಕಿವಿ ಚುರುಕಾಗುತ್ತದೆ ಎಂಬುದು ಜನಜನಿತವಾದ ಮಾತು. ಮಿತ್ರರೆ, ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ಏನೆಂದು ತಿಳಿಯಲು ವಿಜ್ಞಾನಿಗಳಿಗೆ ಬಹಳ ಕಾಲವೇ ಹಿಡಿಯಿತು.

ಅಂಧರು ನಡೆಯುತ್ತಾ ಗೋಡೆಯ ಸಮೀಪ ಬಂದಾಗ ಅದನ್ನು ಮುಟ್ಟುವ ಮೊದಲೇ ನಿಂತುಬಿಡುವುದುಂಟು. ಹೇಗೆ ಗೊತ್ತಾಯಿತು ಎಂದರೆ, ಮುಖಕ್ಕೆ ಏನೋ ತಾಕಿದಂತಾಯಿತು ಎಂದು ಅನೇಕರು ಹೇಳುತ್ತಿದ್ದರು. ಫ್ರಾನ್ಸಿನ ಚಿಂತಕ ದಿದೆರೊ 1749ರಲ್ಲಿ ಅಂಧರ ಕುರಿತು ಬರೆದಾಗ ಇದನ್ನು ಮುಖಕ್ಕೆ ತಿಳಿಯುವ ಗಾಳಿಯ ಪರಿಣಾಮವೆಂದೇ ವಿವರಿಸಿದ. ಮುಂದೆ ಇದಕ್ಕೆ 'ಮುಖದೃಷ್ಟಿ' ಎಂಬ ಹೆಸರೂ ಬಂತು. ಅದು ಕಿವಿಯ ಕೆಲಸ ಎಂದವರೂ ಇದ್ದರು. ಆದರೆ ವಾದ ಬಗೆಹರಿಯಲಿಲ್ಲ.

ಬಗೆಹರಿಸಿದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ. ಸ್ವತಃ ಅಂಧರಾಗಿದ್ದ ಮೈಕೆಲ್ ಸುಪಾ ಇಬ್ಬರು ಸಹೋದ್ಯೋಗಿಗಳೊಡನೆ ನಡೆಸಿದ ಪ್ರಯೋಗಗಳ ವರದಿ 1944ರಲ್ಲಿ ಪ್ರಕಟವಾಯಿತು. ಇಬ್ಬರು ಅಂಧರು, ಕಣ್ಣು ಕಟ್ಟಿಸಿಕೊಂಡ ಇಬ್ಬರು ದೃಷ್ಟಿವಂತರು ಹಜಾರದಲ್ಲಿ ಅಡ್ಡ ಇರಿಸಿದ ಹಲಗೆಯತ್ತ ನಡೆಯಬೇಕು. ಮುಖಕ್ಕೆ ದಪ್ಪ ಮುಸುಕು ಹಾಕಿದರೂ ಹಲಗೆ ಇರುವುದು ಅವರಿಗೆ ತಿಳಿಯಿತು. ಬೂಟು ಬಿಚ್ಚಿಸಿ ಜಮಖಾನೆಯ ಮೇಲೆ ನಡೆಸಿದಾಗ ಕಷ್ಟವಾಯಿತು. ಕಿವಿ ಮುಚ್ಚಿದಾಗಲಂತೂ ನಾಲ್ವರೂ ಹೋಗಿ ಡಿಕ್ಕಿ ಹೊಡೆದರು! ಕೊನೆಗೆ ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಪ್ರಯೋಗಕಾರರೊಬ್ಬರು ಮೈಕ್ ಹಿಡಿದು ನಡೆದ ಸದ್ದನ್ನು ಫೋನಿನಲ್ಲಿ ಕೇಳಿಸಿದರು. ಆಗಲೂ ಅಡ್ಡ ಇದ್ದದ್ದು ಗೊತ್ತಾಯಿತು. ಅಲ್ಲಿ ಮುಖಕ್ಕೆ ಯಾವ ಗಾಳಿ ತಾಕಬೇಕು? ಹೆಜ್ಜೆಯ ಸಪ್ಪಳದ ಪ್ರತಿಧ್ವನಿಯೇ ದಾರಿ ತೋರುತ್ತಿತ್ತು. ಆದರೂ ಅದು ಮುಖದ ಮೇಲಿನ ಸ್ಪರ್ಶದಂತೆ ಅನುಭವಕ್ಕೆ ಬರುತ್ತಿತ್ತೆಂಬುದು ಸೋಜಿಗವೇ ಸರಿ.

ಹಾಗಾದರೆ ಕಿವಿಯೇ ಬದಲಾಗುತ್ತದೆಯೆ? ಇಲ್ಲ, ಪಳಗುವುದು ಮಿದುಳು. ಬಲಗಡೆಯ ಸದ್ದು ಎಡಗಿವಿಗೆ ತುಸು ತಡವಾಗಿ ತಲುಪುತ್ತದೆ. ಈ ಅಂತರ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅದರಿಂದಲೇ ದಿಕ್ಕು ಗೊತ್ತಾಗುತ್ತದೆ. 1998ರಲ್ಲಿ ಕೆನಡಾದಲ್ಲಿ ನಡೆದ ಅಧ್ಯಯನವೊಂದರಲ್ಲಿ ಒಂದು ಕಿವಿ ಮುಚ್ಚಿದಾಗಲೂ ಕೆಲವು ಅಂಧರು ದಿಕ್ಕನ್ನು ಸರಿಯಾಗಿಯೇ ತೋರಿಸಿದರು. ನಾಲಿಗೆಯಿಂದ ಟಕ್ ಟಕ್ ಸದ್ದು ಮಾಡಿ ಪ್ರತಿಧ್ವನಿ ಆಲಿಸುವ ಇಬ್ಬರು ಅಂಧರ ಮಿದುಳನ್ನು 2011ರಲ್ಲಿ ಪರೀಕ್ಷಿಸಿದಾಗ, ಪ್ರತಿಧ್ವನಿಗೆ ಸ್ಪಂದಿಸಿದ್ದು ಸಾಮಾನ್ಯವಾಗಿ ನೋಟಕ್ಕೆ ಮೀಸಲಾದ ಭಾಗ.

ಇನ್ನು ಉಳಿದರ್ಧ. ಕಿವಿಗೆ ಜಾಗದ ಪಾಠ ಹೇಳಿಕೊಡುವ ಗುರು ಕಣ್ಣು. ಅಮೆರಿಕದ ಎರಿಕ್ ನುಡ್ಸನ್ ಗೂಬೆಮರಿಗಳಿಗೆ, ನೋಟವನ್ನು ಪಕ್ಕಕ್ಕೆ ಸರಿಸುವ ಪ್ರಿಸಂ ಕನ್ನಡಕ ತೊಡಿಸಿ ಬೆಳೆಸಿದರು. ಮರಿಗಳು ಸದ್ದು ಬಂದ ದಿಕ್ಕನ್ನೂ ಅಷ್ಟೇ ತಪ್ಪಾಗಿ ಗುರುತಿಸತೊಡಗಿದವು. ಗುರು ತಪ್ಪಿದರೆ ಶಿಷ್ಯನೂ ತಪ್ಪಿದ!

ಗುರುವೇ ಇಲ್ಲದಿದ್ದರೆ? ಇಟಲಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಹೇಳುತ್ತದೆ. ಸಾಲಾಗಿ ಇಟ್ಟ ಸ್ಪೀಕರುಗಳಿಂದ ಮೂರು ಸದ್ದು ಹೊರಡಿಸಿ, ನಡುವಿನದು ಮೊದಲನೆಯದಕ್ಕೆ ಹತ್ತಿರವೋ ಮೂರನೆಯದಕ್ಕೆ ಹತ್ತಿರವೋ ಎಂದು ಕೇಳಿದರು. ಕಣ್ಣಿದ್ದವರಿಗೆ ಸುಲಭವಾದ ಈ ಲೆಕ್ಕದಲ್ಲಿ ಹುಟ್ಟು ಅಂಧರು ತೀರ ಹಿಂದೆ ಬಿದ್ದರು. ಒಂದು ಸದ್ದು ಎಲ್ಲಿದೆ ಎನ್ನಬಲ್ಲವರಿಗೂ ಹಲವು ಸದ್ದುಗಳ ನಡುವಿನ ಜಾಗದ ನಕ್ಷೆ ಕಟ್ಟುವುದು ಕಷ್ಟ. ಕಿವಿ ಎಲ್ಲವನ್ನೂ ತಾನೇ ತುಂಬಿಕೊಡುತ್ತದೆಂದು ನಂಬಿ ಸುಮ್ಮನಿರುವವರು ಇದನ್ನು ಗಮನಿಸಬೇಕು.

ಕಲಿಸಿದರೆ ಬರುವುದೂ ಬಹಳವಿದೆ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 12 ಅಂಧರು, 14 ದೃಷ್ಟಿವಂತರು ಹತ್ತು ವಾರ ಪ್ರತಿಧ್ವನಿಯ ತರಬೇತಿ ಪಡೆದರು. ಅವರಲ್ಲಿ 79 ವರ್ಷದವರೂ ಇದ್ದರು. ವಯಸ್ಸಾದವರಿಗೆ ಬಾರದೆಂಬ ಊಹೆ ಸುಳ್ಳಾಯಿತು.

ಆದರೆ ಕೇಳಲು ಸದ್ದು ಇರಬೇಕಲ್ಲ! ಸದ್ದಿಲ್ಲದೆ ನುಸುಳುವ ಎಲೆಕ್ಟ್ರಿಕ್ ಕಾರು ಅಂಧರಿಗೆ ಕಾಣದ ಗೋಡೆಗಿಂತಲೂ ಅಪಾಯಕಾರಿ. ಯೂರೋಪ್ ಒಕ್ಕೂಟದಲ್ಲಿ 2021ರ ಜುಲೈನಿಂದ ಅಂಥ ಪ್ರತಿ ಹೊಸ ಕಾರೂ ಗಂಟೆಗೆ 20 ಕಿ.ಮೀ. ವೇಗದವರೆಗೆ ಕೃತಕ ಸದ್ದು ಮಾಡಲೇಬೇಕು. ಅದಕ್ಕೂ ಮೀರಿದ ವೇಗದಲ್ಲಿ ಟೈರುಗಳ ಸದ್ದೇ ಸಾಕು ಎಂಬುದು ಲೆಕ್ಕಾಚಾರ.