ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಬಳಿ?



ಈ ಜಿನನಾಥಪುರದ ಶಾಂತಿನಾಥ ಬಸದಿಯ ಹೊರಗೋಡೆಯಲ್ಲಿ ನರ್ತಿಸುವ, ವಾದ್ಯ ನುಡಿಸುವ ಹೆಂಗಸರ ಶಿಲ್ಪಗಳಿವೆ. ಕೆತ್ತಿದವರಿಗೆ ಕೂಲಿಯೆಷ್ಟು ದಕ್ಕಿತೆಂದು ಕಲ್ಲು ಹೇಳದು. ಇಂದಿನ ಕುಶಲಿಗಳ ಲೆಕ್ಕವನ್ನಾದರೂ ನಾವು ಕೇಳಬೇಕು.

ಬಳ್ಳಾರಿ ಜಿಲ್ಲೆಯ ಸಂಡೂರನ್ನು ನೋಡಿರಿ. ಅಲ್ಲಿನ ಕುಶಲ ಕಲಾ ಕೇಂದ್ರದ 450ಕ್ಕೂ ಮಿಕ್ಕ ಲಂಬಾಣಿ ಹೆಂಗಸರ ಕೈಕೆಲಸದ 1,755 ಕಸೂತಿ ವಸ್ತುಗಳು 2023ರ ಜುಲೈಯಲ್ಲಿ ಹಂಪಿಯಲ್ಲಿ ಗಿನ್ನೆಸ್ ದಾಖಲೆ ಸೇರಿದವು. ಒಬ್ಬಳೇ ಸಂತೆಗೆ ಹೋದರೆ ದಳ್ಳಾಳಿ ಹೇಳಿದ್ದೇ ಬೆಲೆ. ಸಂಘವಿದ್ದರೆ ಕೂಡಿ ಬೆಲೆ ಕಟ್ಟಬಹುದು.

ಈಗ ಮೊಬೈಲಿನಲ್ಲೇ ಅಂಗಡಿ. ಅಂಗಡಿ ಹೊಸದು, ಪ್ರಶ್ನೆ ಹಳೆಯದು: ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಬಳಿ? ಖಾತೆ ಸಂಘದ ಹೆಸರಿನಲ್ಲಿರಲಿ. ಬಟ್ಟೆಯ ಚೀಟಿಯಲ್ಲಿ ಹೊಲಿದವಳ ಹೆಸರಿರಲಿ. ಹಣ ಅವಳ ಕೈಗೇ ಸೇರಲಿ. ಗಿರಣಿಯಲ್ಲಿ ದುಡಿಯುವವರಿಗೆ ಈ ಮಾತು ಬಿಡಿಸಿ ಹೇಳಬೇಕೇ?